ಕಿಡ್ನಿ ಕಸಿಯಾದವರಿಗೆ ಪಿತ್ತಕೋಶದ ಆಪರೇಷನ್: ಈಗಲೇ ಮಾಡಿಸುವುದೇ, ಕಾಯುವುದೇ?

ಪ್ರಶ್ನೆ: ಪಾಂಡವಪುರದ ಅಣ್ಣ

ನನ್ನ ತಮ್ಮನಿಗೆ ಈಗ ನಲವತ್ತೊಂದು ವರ್ಷ. 2018ರಲ್ಲಿ ಬೆಂಗಳೂರಿನಲ್ಲಿ ಅವನಿಗೆ ಕಿಡ್ನಿ ಕಸಿಯಾಯಿತು. ಕಿಡ್ನಿ ಕೊಟ್ಟವರು ನಮ್ಮ ತಾಯಿ. ಅದಕ್ಕೆ ಮುಂಚೆ ಒಂದೂವರೆ ವರ್ಷ, ವಾರಕ್ಕೆ ಮೂರು ಸಲ ಪಾಂಡವಪುರದಿಂದ ಮೈಸೂರಿಗೆ ಡಯಾಲಿಸಿಸ್ಸಿಗೆಂದು ಓಡಾಡಿದ ಮನೆ ನಮ್ಮದು. ಈಗ ಅವನ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಶ) 1.3ರ ಆಸುಪಾಸಿನಲ್ಲಿ ನಿಂತಿದೆ, ಆಲೆಮನೆಯ ಲೆಕ್ಕವನ್ನೆಲ್ಲ ಅವನೇ ನೋಡಿಕೊಳ್ಳುತ್ತಾನೆ.

ತೊಂದರೆ ಶುರುವಾದದ್ದು ಕಳೆದ ಬೇಸಿಗೆಯಲ್ಲಿ, ಒಂದು ಬೀಗರ ಊಟ ಮುಗಿಸಿ ಬಂದ ರಾತ್ರಿ. ಬಲ ಪಕ್ಕೆಲುಬಿನ ಕೆಳಗೆ ಹಿಡಿದ ನೋವು ಬೆನ್ನಿಗೂ ಬಲ ಹೆಗಲಿಗೂ ಹರಿದು ಬೆಳಗಿನ ಜಾವದವರೆಗೆ ಬಿಡಲಿಲ್ಲ. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳು ಕಂಡವು. ಎರಡು ತಿಂಗಳ ಹಿಂದೆ ಅದೇ ನೋವು ಮತ್ತೆ ಬಂತು. ಪಿತ್ತಕೋಶವನ್ನು ತೆಗೆಸಿಬಿಡುವುದು ಒಳ್ಳೆಯದೆಂದು ಶಸ್ತ್ರವೈದ್ಯರು ಹೇಳಿದ್ದಾರೆ. ತಾಯಿಗೆ ಮಾತ್ರ ಇದು ಸುತರಾಂ ಇಷ್ಟವಿಲ್ಲ. "ನೆಟ್ಟಗಿರೋದ್ನ ಕೆಡಿಸ್ಕೋಬ್ಯಾಡ ಕಣಪ್ಪ" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ. ಆ ಕಿಡ್ನಿ ಅವರದೇ ಆದ್ದರಿಂದ ಅವರ ಮಾತನ್ನು ತಳ್ಳಿಹಾಕಲು ನನಗೆ ಧೈರ್ಯ ಸಾಲುತ್ತಿಲ್ಲ.

ಕಸಿಯಾದವರಲ್ಲಿ ಇಂಥ ಸಾಮಾನ್ಯ ಆಪರೇಷನ್ನುಗಳ ಫಲಿತಾಂಶ ಉಳಿದವರಿಗಿಂತ ಎಷ್ಟರಮಟ್ಟಿಗೆ ಬೇರೆಯಾಗಿರುತ್ತದೆ, ಕಿಡ್ನಿಗೆ ಅಪಾಯ ಬರುವುದು ಯಾವ ದಾರಿಯಿಂದ, ಮೈಸೂರಿನಲ್ಲೇ ಮಾಡಿಸಬಹುದೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಶಸ್ತ್ರವೈದ್ಯ, ಮೈಸೂರು

ನಿಮ್ಮ ತಮ್ಮನನ್ನು ಪರೀಕ್ಷಿಸದೆ ಅವರ ವಿಷಯದಲ್ಲಿ ತೀರ್ಪು ಕೊಡುವುದು ಸರಿಯಲ್ಲ. ಆದರೆ ಈ ಪ್ರಶ್ನೆಯನ್ನು ಹೇಗೆ ತೂಗಿ ನೋಡಬೇಕೆಂಬುದನ್ನು ಹೇಳಬಲ್ಲೆ.

ಥಿಯೇಟರಿನ ಬಾಗಿಲಲ್ಲಿ ನಿಂತು "ಆಪರೇಷನ್ ಸಕ್ಸಸ್" ಎನ್ನುವುದು ಬೇರೆ, ನಾವು ಲೆಕ್ಕ ಇಡುವ ಫಲಿತಾಂಶ ಬೇರೆ. ಆಪರೇಷನ್ ಆದ 30 ದಿನಗಳೊಳಗೆ ರೋಗಿಗೆ ಏನಾಯಿತು ಎಂಬುದೇ ನಮ್ಮ ಲೆಕ್ಕ. ತೊಡಕುಗಳನ್ನು ಅಳೆಯಲು 2004ರಿಂದ ಕ್ಲಾವಿಯನ್-ಡಿಂಡೊ ಎಂಬ ವರ್ಗೀಕರಣ ಬಳಕೆಯಲ್ಲಿದೆ. ಅದರ ಪ್ರಕಾರ ವಿಶೇಷ ಚಿಕಿತ್ಸೆ ಬೇಡದ ಸಣ್ಣ ತೊಡಕು ಒಂದನೆಯ ದರ್ಜೆ, ಮತ್ತೆ ಥಿಯೇಟರಿಗೆ ಕರೆದೊಯ್ಯಬೇಕಾಗುವಂಥದ್ದು ಮೂರನೆಯದು, ಐಸಿಯು ಬೇಕಾಗುವಷ್ಟು ಗಂಭೀರವಾದದ್ದು ನಾಲ್ಕನೆಯದು, ಸಾವು ಐದನೆಯದು. ಕಸಿಯಾದವರಲ್ಲಿ ಇದರ ಜೊತೆಗೆ ಇನ್ನೊಂದು ಲೆಕ್ಕವೂ ಸೇರುತ್ತದೆ: ಕಸಿ ಕಿಡ್ನಿ ಮೊದಲಿನಂತೆಯೇ ಕೆಲಸ ಮಾಡುತ್ತಿದೆಯೇ? ಗಾಯ ಚೆನ್ನಾಗಿ ಕೂಡಿ, ಕ್ರಿಯಾಟಿನಿನ್ 1.3 ಇದ್ದದ್ದು 2ಕ್ಕೆ ಏರಿ ಅಲ್ಲೇ ನಿಂತುಬಿಟ್ಟರೆ ಅದನ್ನು ಒಳ್ಳೆಯ ಫಲಿತಾಂಶ ಎನ್ನಲಾಗದು.

ಗಾಯದ ಸೋಂಕು, ಹೊಲಿಗೆ ಬಿಡುವುದು, ಅದೇ ಜಾಗದಲ್ಲಿ ಮುಂದೆ ಹರ್ನಿಯಾ ಆಗುವುದು, ಇವು ಕಸಿಯಾದವರಲ್ಲಿ ಹೆಚ್ಚು. ಕಾರಣ ಅವರು ನುಂಗುವ ಮಾತ್ರೆಗಳು. 1954ರ ಡಿಸೆಂಬರಿನಲ್ಲಿ ಬೋಸ್ಟನ್ನಿನಲ್ಲಿ ಮೊದಲ ಯಶಸ್ವಿ ಕಸಿ ನಡೆದಾಗ ಕೊಟ್ಟವರೂ ಪಡೆದವರೂ ಒಂದೇ ರೂಪದ ಅವಳಿಗಳಾಗಿದ್ದರು, ಹಾಗಾಗಿ ಕಿಡ್ನಿಯನ್ನು ಪರಕೀಯವೆಂದು ದೇಹ ತಿರಸ್ಕರಿಸಲಿಲ್ಲ. ತಾಯಿ-ಮಗನಲ್ಲಿ ಆ ಅನುಕೂಲವಿಲ್ಲ, ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ಜೀವನಪೂರ್ತಿ ಬೇಕು. ಕಿಡ್ನಿಯನ್ನು ಕಾಯುವ ಮಾತ್ರೆಯೇ ಗಾಯ ಒಣಗುವುದನ್ನು ನಿಧಾನ ಮಾಡುತ್ತದೆ. ನಿಮ್ಮ ತಮ್ಮ ಸಿರೊಲಿಮಸ್ ಅಥವಾ ಎವೆರೊಲಿಮಸ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಶಸ್ತ್ರವೈದ್ಯರಿಗೆ ಮೊದಲೇ ತಿಳಿಸಿ. ಗಾಯ ಕೂಡುವುದಕ್ಕೆ ಆ ಎರಡು ಔಷಧಗಳಿಂದ ಆಗುವ ಅಡ್ಡಿ ಹೆಚ್ಚು, ಯೋಜಿತ ಆಪರೇಷನ್ನಿಗೆ ಮುಂಚೆ ಬೇರೆ ಮಾತ್ರೆಗೆ ಬದಲಾಯಿಸುವ ಪದ್ಧತಿಯಿದೆ.

ನಿಮ್ಮ ತಾಯಿಯವರಿಗೆ ಹೇಳಬೇಕಾದ ಮಾತು ಮಾತ್ರ ಬೇರೆ. ಕಸಿಯಾದವರಲ್ಲಿ ಫಲಿತಾಂಶವನ್ನು ಕೆಡಿಸುವುದರಲ್ಲಿ ಚಾಕುವಿಗಿಂತ ಹೆಚ್ಚಿನ ಪಾಲು ತಡಕ್ಕಿದೆ. ದಿನ ಗೊತ್ತುಮಾಡಿ, ಸಕ್ಕರೆ, ರಕ್ತದೊತ್ತಡ, ಮಾತ್ರೆಯ ಮಟ್ಟ ಎಲ್ಲವನ್ನೂ ಹದಕ್ಕೆ ತಂದು ಮಾಡುವ ಲ್ಯಾಪರೋಸ್ಕೋಪಿಯನ್ನು (ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ ಅವುಗಳ ಮೂಲಕ ನಡೆಸುವ ಆಪರೇಷನ್) ಕಸಿಯಾದವರು ಸಾಮಾನ್ಯವಾಗಿ ಚೆನ್ನಾಗಿಯೇ ತಾಳಿಕೊಳ್ಳುತ್ತಾರೆ. ಅದೇ ಪಿತ್ತಕೋಶ ಕೀವು ತುಂಬಿ, ನಂಜು ರಕ್ತಕ್ಕೆ ಏರಿದ ಮೇಲೆ ಮಧ್ಯರಾತ್ರಿ ಮಾಡುವ ಆಪರೇಷನ್ನಿನಲ್ಲಿ ಜೀವಕ್ಕೂ ಕಿಡ್ನಿಗೂ ಒಟ್ಟಿಗೇ ಕುತ್ತು. ಇನ್ನೊಂದು ಮೋಸವೂ ಇದೆ. ಸ್ಟಿರಾಯ್ಡ್ ಮತ್ತಿತರ ಮಾತ್ರೆಗಳ ಮರೆಯಲ್ಲಿ ಇವರ ಹೊಟ್ಟೆ ಕೂಗಿ ಹೇಳುವುದಿಲ್ಲ. ಬೇರೆಯವರಲ್ಲಾದರೆ ಹೊಟ್ಟೆ ಹಲಗೆಯಂತೆ ಬಿಗಿದು ಜ್ವರ ಏರುವಂಥ ಸ್ಥಿತಿಯಲ್ಲಿಯೂ ಇವರು "ಸ್ವಲ್ಪ ಅಜೀರ್ಣ ಇರಬೇಕು" ಎನ್ನುತ್ತ ಕುಳಿತಿರಬಹುದು. ಹೊಟ್ಟೆಯನ್ನು ಒತ್ತಿ ನೋಡಿ ಏನೂ ಇಲ್ಲವೆಂದು ಒಬ್ಬರನ್ನು ಮನೆಗೆ ಕಳಿಸಿ, ಮರುದಿನ ಅವರನ್ನೇ ಥಿಯೇಟರಿಗೆ ತೆಗೆದುಕೊಂಡದ್ದು ನನಗೆ ಈಗಲೂ ಚುಚ್ಚುತ್ತದೆ.

ಜಾಗದ ಭಯ ಬೇಡ. ಕಸಿ ಕಿಡ್ನಿಯನ್ನು ಇಡುವುದು ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ, ಹೆಚ್ಚಾಗಿ ಬಲಗಡೆ. ಪಿತ್ತಕೋಶ ಇರುವುದು ಯಕೃತ್ತಿನ ಅಡಿಯಲ್ಲಿ. ರಂಧ್ರಗಳನ್ನು ಆ ಕಿಡ್ನಿಯಿಂದ ದೂರವಿಟ್ಟು, ಹೊಟ್ಟೆಗೆ ತುಂಬುವ ಅನಿಲದ ಒತ್ತಡವನ್ನು ಆದಷ್ಟು ಕಡಿಮೆ ಇರಿಸಿಕೊಂಡರೆ ಕಿಡ್ನಿಯ ರಕ್ತಸಂಚಾರಕ್ಕೆ ತೊಂದರೆ ಕಡಿಮೆ. ಕಲ್ಲಿದ್ದೂ ಒಮ್ಮೆಯೂ ನೋವೇ ಬಾರದವರಿಗೆ ಮುನ್ನೆಚ್ಚರಿಕೆಯೆಂದು ಪಿತ್ತಕೋಶ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ತಮ್ಮನಿಗೆ ಎರಡು ಸಲ ಬಂದಾಗಿದೆ.

ಉತ್ತರ: ಕಸಿಯಾಗಿ ಹನ್ನೊಂದು ವರ್ಷ

ಡಾಕ್ಟರ್ ಸರ್ ಹೇಳಿದ್ದರ ಜೊತೆಗೆ ರೋಗಿಯ ಹಾಸಿಗೆಯಿಂದ ಕಂಡದ್ದನ್ನು ಸೇರಿಸುತ್ತೇನೆ. ಮೂರು ವರ್ಷದ ಹಿಂದೆ ನನಗೆ ಹೊಕ್ಕುಳ ಹರ್ನಿಯಾದ ಆಪರೇಷನ್ ಆಯಿತು. ಅದು ಸರಾಗವಾಗಿಯೇ ಮುಗಿಯಿತು. ಎಡವಟ್ಟಾದದ್ದು ವಾರ್ಡಿನಲ್ಲಿ. ಕೇಸ್ ಶೀಟಿನ ಮೇಲೆ "ಬಾಯಿಗೆ ಏನೂ ಕೊಡಬಾರದು" ಎಂದು ಬರೆದಿದ್ದರಿಂದ ಬೆಳಗಿನ ಎಂಟು ಗಂಟೆಯ ಟ್ಯಾಕ್ರೊಲಿಮಸ್ (ದೇಹ ಕಿಡ್ನಿಯನ್ನು ತಿರಸ್ಕರಿಸದಂತೆ ಕಾಯುವ ಮಾತ್ರೆ) ತಪ್ಪಿತು, ರಾತ್ರಿಯದು ವಾಂತಿಯಲ್ಲಿ ಹೋಯಿತು. ನೋವೆಂದು ಕೂಗಿದಾಗ ಡ್ಯೂಟಿಯಲ್ಲಿದ್ದವರು ಹಾಕಿದ್ದು ಡೈಕ್ಲೊಫಿನಾಕ್ ಇಂಜೆಕ್ಷನ್. ಕಿಡ್ನಿಯವರಿಗೆ ಅದು ಬೇಡವೆಂದು ನನ್ನ ಯಜಮಾನರು ಹೇಳುವಷ್ಟರಲ್ಲಿ ಸಿರಿಂಜು ಖಾಲಿಯಾಗಿತ್ತು. ನಾಲ್ಕನೆಯ ದಿನ ಕ್ರಿಯಾಟಿನಿನ್ 1.1ರಿಂದ 1.9ಕ್ಕೆ ಹೋಯಿತು. ಪುಣ್ಯಕ್ಕೆ ಮೂರು ವಾರದಲ್ಲಿ ಇಳಿಯಿತು.

ಆದ್ದರಿಂದ ನನ್ನ ಸಲಹೆ ಇಷ್ಟೆ. ಆಪರೇಷನ್ ದಿನ ಬೆಳಗ್ಗೆ ಯಾವ ಮಾತ್ರೆಯನ್ನು ಗುಟುಕು ನೀರಿನಲ್ಲಿ ನುಂಗಬೇಕು, ನುಂಗಲಾಗದಿದ್ದರೆ ಬದಲಿ ಏನು ಎಂಬುದನ್ನು ಕಸಿ ಮಾಡಿದ ಕಿಡ್ನಿ ತಜ್ಞರ ಕೈಯಿಂದ ಕಾಗದದ ಮೇಲೆ ಬರೆಸಿಕೊಂಡು ಫೈಲಿನ ಮೊದಲ ಪುಟಕ್ಕೆ ಅಂಟಿಸಿ. ಟ್ಯಾಕ್ರೊಲಿಮಸ್ ಮಟ್ಟ ನೋಡಲು ರಕ್ತ ಕೊಡಬೇಕಾದದ್ದು ಬೆಳಗಿನ ಮಾತ್ರೆಗೆ ಮುಂಚೆ. ನುಂಗಿದ ಮೇಲೆ ಕೊಟ್ಟರೆ ಅಂಕಿ ಸುಳ್ಳಾಗುತ್ತದೆ.

ಉತ್ತರ: ಶ್ರೀರಂಗಪಟ್ಟಣದವ

ನಮ್ಮ ಚಿಕ್ಕಪ್ಪನವರಿಗೆ ಕಲ್ಲು ಬಂದಾಗ ಬಾಳೆದಿಂಡಿನ ರಸ ಕುಡಿದು ಗುಣವಾಯಿತು. ಆಪರೇಷನ್ನಿಗೆ ಮೊದಲು ಒಂದು ತಿಂಗಳು ಅದನ್ನು ಪ್ರಯತ್ನಿಸಿ ನೋಡಬಹುದಲ್ಲವೇ?

ಉತ್ತರ: ನಿವೃತ್ತ ಶಸ್ತ್ರವೈದ್ಯ, ಮೈಸೂರು

ದಯವಿಟ್ಟು ಬೇಡ. ಜನ ಬಾಳೆದಿಂಡನ್ನು ಹೇಳುವುದು ಮೂತ್ರದ ಕಲ್ಲಿಗೆ, ಇದು ಪಿತ್ತದ ಕಲ್ಲು. ಅಲ್ಲದೆ ಆ ರಸದಲ್ಲಿ ಪೊಟ್ಯಾಸಿಯಂ ಹೆಚ್ಚು, ಟ್ಯಾಕ್ರೊಲಿಮಸ್ ತಾನಾಗಿಯೇ ಪೊಟ್ಯಾಸಿಯಂ ಏರಿಸುವ ಔಷಧ. ಚಕ್ಕೋತ ಹಣ್ಣನ್ನೂ ದೂರವಿಡಿ, ರಕ್ತದಲ್ಲಿ ಟ್ಯಾಕ್ರೊಲಿಮಸ್ಸಿನ ಮಟ್ಟ ಅದರಿಂದ ಏರಬಹುದು.

ಉತ್ತರ: ಅರಿವಳಿಕೆ ವಿಭಾಗದ ಸಿಸ್ಟರ್, ಮಂಡ್ಯ

ತಮ್ಮನವರ ಕೈಯಲ್ಲಿ ಡಯಾಲಿಸಿಸ್ ಕಾಲದ ಫಿಸ್ಟುಲಾ (ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸಿ ಮಾಡಿದ ಜೋಡಣೆ) ಇನ್ನೂ ಮಿಡಿಯುತ್ತಿದ್ದರೆ ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಲು, ಸೂಜಿ ಚುಚ್ಚಲು ಬಿಡಬೇಡಿ. ಕೈಗೆ ಒಂದು ಬಟ್ಟೆಯ ತುಂಡು ಸುತ್ತಿ "ಫಿಸ್ಟುಲಾ" ಎಂದು ಬರೆದು ಕಳಿಸಿದ ಮನೆಯವರನ್ನು ನಾನು ನೋಡಿದ್ದೇನೆ, ಅದು ಕಡತಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ನುಂಗಿದವರಲ್ಲಿ ಅದನ್ನು ಥಟ್ಟನೆ ನಿಲ್ಲಿಸಿದರೆ ಆಪರೇಷನ್ ವೇಳೆ ರಕ್ತದೊತ್ತಡ ಕುಸಿಯಬಹುದು. ಆ ದಿನಕ್ಕೆ ಹೆಚ್ಚುವರಿ ಸ್ಟಿರಾಯ್ಡ್ ಬೇಕೇ ಎಂಬುದನ್ನು ಅರಿವಳಿಕೆ ವೈದ್ಯರು ನಿರ್ಧರಿಸುತ್ತಾರೆ.

ಆಸ್ಪತ್ರೆಯನ್ನು ಆರಿಸುವಾಗ ಥಿಯೇಟರಿನಲ್ಲಿ ಸುರಕ್ಷತಾ ಪಟ್ಟಿಯನ್ನು ನಿಜವಾಗಿ ಓದುತ್ತಾರೆಯೇ ಎಂದು ಕೇಳಲು ಸಂಕೋಚಪಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಆ ಪಟ್ಟಿಯನ್ನು ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೂ, ತೊಡಕುಗಳು 11ರಿಂದ 7ಕ್ಕೂ ಇಳಿದವೆಂದು 2009ರಲ್ಲಿ ವರದಿಯಾಯಿತು. ಅರಿವಳಿಕೆಗೆ ಮುಂಚೆ, ಕೊಯ್ಯುವ ಮುಂಚೆ, ರೋಗಿ ಹೊರಬರುವ ಮುಂಚೆ, ಹೀಗೆ ಮೂರು ಸಲ ನಿಂತು ಗಟ್ಟಿಯಾಗಿ ಓದುವುದಷ್ಟೇ ಕೆಲಸ. ಆದರೂ ಓದದೆ ಟಿಕ್ ಹಾಕುವವರಿದ್ದಾರೆ.

ಪ್ರತಿಕ್ರಿಯೆ: ಪಾಂಡವಪುರದ ಅಣ್ಣ

ಎಲ್ಲರಿಗೂ ಕೃತಜ್ಞತೆಗಳು. ಬೆಂಗಳೂರಿನ ಕಿಡ್ನಿ ತಜ್ಞರೂ ಇಲ್ಲಿನ ಶಸ್ತ್ರವೈದ್ಯರೂ ಫೋನಿನಲ್ಲಿ ಮಾತಾಡಿಕೊಂಡು, ಕಿಡ್ನಿ ವಿಭಾಗವೂ ಇರುವ ಮೈಸೂರಿನ ಆಸ್ಪತ್ರೆಯಲ್ಲಿಯೇ ಮಾಡಬಹುದೆಂದು ಒಪ್ಪಿದ್ದಾರೆ. ಡಾಕ್ಟರ್ ಸರ್ ಬರೆದದ್ದನ್ನು ತಾಯಿಗೆ ಓದಿ ಹೇಳಿದೆ. ಕೀವಿನ ಮಾತು ಬಂದಾಗ ಸುಮ್ಮನಾದರು, ಆಮೇಲೆ "ಆ ಚೀಟಿ ನನ್ನ ಕೈಲೇ ಇರ್ಲಿ, ಮಾತ್ರೆ ನಾನೇ ಕೊಡ್ತೀನಿ" ಎಂದರು. ಕೊನೆಯದಾಗಿ ಒಂದು ಪ್ರಶ್ನೆ: ಮನೆಗೆ ಬಂದ ಮೇಲೆ ಯಾವುದನ್ನು ಕಂಡರೆ ಕಾಯದೆ ಹೊರಡಬೇಕು?

ಉತ್ತರ: ನಿವೃತ್ತ ಶಸ್ತ್ರವೈದ್ಯ, ಮೈಸೂರು

ಕಣ್ಣು ಹಳದಿಯಾಗುವುದು, ಮೂತ್ರದ ಪ್ರಮಾಣ ಇಳಿಯುವುದು, ದಿನದಿಂದ ದಿನಕ್ಕೆ ಕಡಿಮೆಯಾಗಬೇಕಾದ ನೋವು ತಿರುಗಿ ಏರುವುದು, ಎರಡು ಹೊತ್ತು ಮಾತ್ರೆ ವಾಂತಿಯಾಗುವುದು, ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಸಾಕು. ಜ್ವರ 99 ಡಿಗ್ರಿಯೇ ಇದ್ದರೂ ಇವರಲ್ಲಿ ಅದನ್ನು ಸಣ್ಣದೆಂದು ಎಣಿಸಬೇಡಿ. ಡಿಸ್ಚಾರ್ಜಿಗೆ ಮುಂಚೆ ಒಮ್ಮೆ, ಮೊದಲ ವಾರದಲ್ಲಿ ಇನ್ನೊಮ್ಮೆ ಕ್ರಿಯಾಟಿನಿನ್ ಮತ್ತು ಟ್ಯಾಕ್ರೊಲಿಮಸ್ ಮಟ್ಟ ಮಾಡಿಸಿ. ಹೊಲಿಗೆಯನ್ನು ಬೇರೆಯವರಿಗಿಂತ ಕೆಲವು ದಿನ ತಡವಾಗಿ ಬಿಚ್ಚಿದರೆ ಗಾಬರಿಯಾಗಬೇಡಿ, ಅದು ಬೇಕೆಂದೇ ಮಾಡುವುದು.