ಎ380ರ ನಾಲ್ಕು ಎಂಜಿನ್‌ಗಳಲ್ಲಿ ಎರಡಕ್ಕೆ ಮಾತ್ರ ರಿವರ್ಸರ್ ಏಕೆ?

ಪ್ರಶ್ನೆ: ಮೆಕ್ಯಾನಿಕಲ್ ಮೂರನೇ ವರ್ಷ

ಏರ್‌ಬಸ್ ಎ380 ವಿಮಾನ ಇಳಿಯುವ ವಿಡಿಯೊಗಳನ್ನು ನಿಧಾನಗತಿಯಲ್ಲಿ ನೋಡುತ್ತಿದ್ದೆ. ಗಾಲಿ ನೆಲಕ್ಕೆ ತಾಗಿದ ಕೂಡಲೇ ಒಳಗಿನ ಎರಡು ಎಂಜಿನ್‌ಗಳ ಕವಚ ಹಿಂದಕ್ಕೆ ಸರಿದು ರಿವರ್ಸರ್ (ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನ) ತೆರೆದುಕೊಳ್ಳುತ್ತದೆ, ಹೊರಗಿನ ಎರಡು ಹಾಗೇ ಇರುತ್ತವೆ. ಏನೋ ಕೆಟ್ಟಿರಬೇಕು ಅಂದುಕೊಂಡೆ. ಬೇರೆ ಬೇರೆ ವಿಮಾನಗಳ ಆರೇಳು ವಿಡಿಯೊ ನೋಡಿದರೂ ಅದೇ ಕಥೆ. 575 ಟನ್ ತನಕ ತೂಗುವ ವಿಮಾನ ಇದು. ಇದಕ್ಕಿಂತ ಚಿಕ್ಕದಾದ ಬೋಯಿಂಗ್ 747ಕ್ಕೆ ನಾಲ್ಕರಲ್ಲೂ ರಿವರ್ಸರ್ ಇದೆ. ದೊಡ್ಡದಕ್ಕೆ ಕಡಿಮೆ ಕೊಟ್ಟಿದ್ದೇಕೆ? ಗೊತ್ತಿರುವವರು ಬಿಡಿಸಿ ಹೇಳಿ.

ಉತ್ತರ: ಗಾಲಿ ಮತ್ತು ಬ್ರೇಕ್

ಈ ವಿಮಾನದ ಗಾಲಿ, ಬ್ರೇಕ್ ಕೆಲಸವನ್ನೇ ಒಂಬತ್ತು ವರ್ಷ ಮಾಡಿದವನು ನಾನು. ನಿಮ್ಮ ಪ್ರಶ್ನೆ ನೋಡಿ ಬಹಳ ಖುಷಿಯಾಯಿತು.

ಮೊದಲು ರನ್‌ವೇ ನೋಡಿ. ಬಹಳಷ್ಟು ಕಡೆ ಅಗಲ 45 ಮೀಟರ್, ಅಂದರೆ ನಡುಗೆರೆಯಿಂದ ಅಂಚಿಗೆ 22.5 ಮೀಟರ್. ಎ380ರ ಹೊರಗಿನ ಎಂಜಿನ್ ಇರುವುದು ನಡುಗೆರೆಯಿಂದ 25 ಮೀಟರಿಗೂ ಆಚೆ. ಅಲ್ಲಿ ಮರಳು, ಸಣ್ಣ ಕಲ್ಲು, ಒಣಹುಲ್ಲು ಬಿದ್ದಿರುತ್ತದೆ. ರಿವರ್ಸರ್ ಗಾಳಿಯನ್ನು ಮುಂದಕ್ಕೆ ತಳ್ಳುವುದರಿಂದ ಆ ಕಸವೆಲ್ಲ ಮೇಲೆದ್ದು ಎಂಜಿನ್ನಿನ ಬಾಯಿಗೇ ಹೋಗುತ್ತದೆ. ಜೊತೆಗೆ ಎರಡು ರಿವರ್ಸರ್‌ಗಳ ತೂಕವೂ ಉಳಿಯಿತು.

ಆದರೆ ನಿಜವಾಗಿ ನಿಲ್ಲಿಸುವುದು ಬ್ರೇಕ್. ಒಟ್ಟು 22 ಗಾಲಿ: ಮೂಗಿನಲ್ಲಿ 2, ರೆಕ್ಕೆಯ ಕೆಳಗೆ ಎರಡೂ ಕಡೆ ನಾಲ್ಕು ನಾಲ್ಕು, ಹೊಟ್ಟೆಯ ಕೆಳಗೆ ಎರಡೂ ಕಡೆ ಆರಾರು. ಇವುಗಳಲ್ಲಿ 16ಕ್ಕೆ ಕಾರ್ಬನ್ ಬ್ರೇಕ್. ಪ್ರತಿ ಬ್ರೇಕಿನ ಮೈಮೇಲೆ ಸವಕಳಿ ತೋರಿಸುವ ಪುಟ್ಟ ಪಿನ್ ಇರುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಿಸಿ, ಟಾರ್ಚ್ ಹಿಡಿದು, ಬಗ್ಗಿ ಅದರ ತುದಿ ಎಷ್ಟು ಹೊರಗಿದೆ ನೋಡಬೇಕು. ಮಟ್ಟಸವಾಯಿತೋ, ಬ್ರೇಕ್ ಬದಲು. ಹದಿನಾರನ್ನೂ ನೋಡಿ ಮುಗಿಸುವಷ್ಟರಲ್ಲಿ ಸೊಂಟ ಹಿಡಿದಿರುತ್ತದೆ. ಆಗಷ್ಟೇ ಇಳಿದ ವಿಮಾನವಾದರೆ ಆ ಗಾಲಿಗಳ ಸಾಲಿನ ಕಾವು ಒಲೆಯ ಮುಂದೆ ಕೂತ ಹಾಗೆ ಮುಖಕ್ಕೆ ಬಡಿಯುತ್ತದೆ. ಸ್ವಲ್ಪ ಹೊತ್ತಿನ ಮುಂಚೆ ವಿಮಾನದ ವೇಗವಾಗಿದ್ದದ್ದೇ ಈಗ ಈ ಕಾವಾಗಿದೆ ಎಂದು ಪ್ರತಿ ಸಲ ಅನ್ನಿಸುತ್ತಿತ್ತು.

ಪ್ರತಿಕ್ರಿಯೆ: ಮೆಕ್ಯಾನಿಕಲ್ ಮೂರನೇ ವರ್ಷ

ಸರ್, ಬ್ರೇಕೇ ಸಾಕು ಅನ್ನುವುದಾದರೆ ಆ ಎರಡಾದರೂ ಯಾಕೆ? ಅವನ್ನೂ ತೆಗೆಯಬಹುದಿತ್ತಲ್ಲ?

ಉತ್ತರ: ಗಾಲಿ ಮತ್ತು ಬ್ರೇಕ್

ಒಣ ರನ್‌ವೇಗಾದರೆ ತೆಗೆಯಬಹುದಿತ್ತು. ಟೇಕಾಫ್ ಅರ್ಧಕ್ಕೆ ಕೈಬಿಟ್ಟು ನಿಲ್ಲಿಸುವ ದೂರವನ್ನು ಒಣ ರನ್‌ವೇಗೆ ಲೆಕ್ಕ ಹಾಕುವಾಗ ರಿವರ್ಸರ್‌ನ ನೆರವನ್ನು ಹಿಡಿಯುವಂತೆಯೇ ಇಲ್ಲ. ಹಾಗೆ ನಿಲ್ಲಿಸಿ ತೋರಿಸುವ ಪರೀಕ್ಷೆಯೂ ಸವೆದ ಬ್ರೇಕ್‌ಗಳ ಮೇಲೆಯೇ ನಡೆಯಬೇಕು. ಆ ಪರೀಕ್ಷೆಯಲ್ಲಿ ತುಂಬು ತೂಕದಲ್ಲಿ ನಿಲ್ಲಿಸಿದ ಮೇಲೆ ಮೊದಲ ಐದು ನಿಮಿಷ ಅಗ್ನಿಶಾಮಕದವರು ಹತ್ತಿರ ಬರುವಂತಿಲ್ಲ. ಗಾಲಿಯೊಳಗೆ ಕರಗುವ ಬಿರಡೆಗಳಿವೆ. ಕಾವು ಮಿತಿ ಮೀರಿದರೆ ಅವು ಕರಗಿ ಟೈರಿನ ಗಾಳಿ ಇಳಿಯುತ್ತದೆ, ಟೈರ್ ಸಿಡಿಯುವುದಿಲ್ಲ. ಇಷ್ಟು ಸರಳವಾದ, ಇಷ್ಟು ನಂಬಿಕೆಯ ಭಾಗ ಇಡೀ ವಿಮಾನದಲ್ಲಿ ಇನ್ನೊಂದನ್ನು ನಾನು ಕಂಡಿಲ್ಲ.

ಒದ್ದೆ ನೆಲದ ಮಾತೇ ಬೇರೆ. ಟೈರಿಗೆ ಹಿಡಿತ ಸಿಗದಿದ್ದರೆ ಬ್ರೇಕ್ ಎಷ್ಟು ಗಟ್ಟಿಯಿದ್ದೂ ಏನು ಬಂತು? ಅಲ್ಲಿ ಆ ಎರಡು ರಿವರ್ಸರ್ ಬೇಕು. ಅವು ಹೈಡ್ರಾಲಿಕ್‌ನಿಂದಲ್ಲ, ವಿದ್ಯುತ್ ಮೋಟಾರಿನಿಂದ ತೆರೆದುಕೊಳ್ಳುತ್ತವೆ ಎಂಬುದನ್ನೂ ಗಮನಿಸಿ.

ಪ್ರತಿಕ್ರಿಯೆ: ರೆಕ್ಕೆಯ ಲೆಕ್ಕ

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ರೆಕ್ಕೆಯನ್ನೂ ತೀರ್ಮಾನಿಸಿದ್ದು ವಿಮಾನ ನಿಲ್ದಾಣವೇ. ಒಂದು ತುದಿಯಿಂದ ಇನ್ನೊಂದಕ್ಕೆ 79.75 ಮೀಟರ್, ಏಕೆಂದರೆ ನಿಲ್ದಾಣಗಳು ಕೊಟ್ಟ ಜಾಗ 80. ಈ ತೂಕಕ್ಕೆ ಇನ್ನೂ ನೀಳವಾದ ರೆಕ್ಕೆ ಇದ್ದಿದ್ದರೆ ತುದಿಯ ಸುಳಿಗಾಳಿಯಿಂದಾಗುವ ಎಳೆತ ಕಡಿಮೆಯಾಗಿ ಇಂಧನ ಉಳಿಯುತ್ತಿತ್ತು. ಅದು ಆಗಲಿಲ್ಲ, 845 ಚದರ ಮೀಟರ್ ವಿಸ್ತಾರವನ್ನು ರೆಕ್ಕೆ ಅಗಲ ಮಾಡಿಯೇ ಪಡೆದರು. ಮುಂದೆ ಬರಲಿದ್ದ ಇನ್ನೂ ಉದ್ದದ ಮಾದರಿಗೂ ಆಗಲಿ ಎಂದು ರೆಕ್ಕೆಯನ್ನು ಗಟ್ಟಿಯಾಗಿ ಕಟ್ಟಿದ್ದರು. ಆ ಮಾದರಿ ಬರಲೇ ಇಲ್ಲ, ಅದರ ಭಾರವನ್ನು ಮಾತ್ರ ಕಟ್ಟಿದ 251 ವಿಮಾನಗಳೂ ಹೊತ್ತವು. 2021ರ ಡಿಸೆಂಬರಿನಲ್ಲಿ ಕೊನೆಯದನ್ನು ಕೊಟ್ಟಾಗ ನನಗೆ ತುಂಬಾ ಬೇಜಾರಾಗಿತ್ತು.

ಉತ್ತರ: ಗಾಲಿ ಮತ್ತು ಬ್ರೇಕ್

ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಇಷ್ಟು ಭಾರವಿದ್ದೂ ಇದ್ದ ತಿರುವುಗಳಲ್ಲೇ ತಿರುಗಬೇಕಿತ್ತು, ಅದಕ್ಕೂ ಗಾಲಿಗಳಲ್ಲೇ ದಾರಿ ಹುಡುಕಿದರು.

ಮೆಕ್ಯಾನಿಕಲ್ ಅವರೇ, ಮುಂದಿನ ಸಲ ಟ್ಯಾಕ್ಸಿವೇ ವಿಡಿಯೊ ಸಿಕ್ಕರೆ ಹೊಟ್ಟೆಯ ಕೆಳಗಿನ ಆರು ಗಾಲಿಗಳ ಕೊನೆಯ ಜೋಡಿಯನ್ನೇ ನೋಡುತ್ತಿರಿ. ಬ್ರೇಕ್ ಇಲ್ಲದಿರುವುದು ಅವಕ್ಕೇ. ತಿರುವು ಬಂದಾಗ ಮೂಗಿನ ಗಾಲಿ ಒಂದು ಕಡೆ ಹೊರಳಿದರೆ, ಇವು ಮೆಲ್ಲಗೆ ಇನ್ನೊಂದು ಕಡೆ ಹೊರಳುತ್ತವೆ.