ಪದಚರ್ಚೆ: ಸಿಂಥಸೈಜರ್‌ನ ಫಿಲ್ಟರ್, ಕಟಾಫ್, ರೆಸೊನೆನ್ಸ್‌ಗೆ ಕನ್ನಡದಲ್ಲಿ ಏನನ್ನೋಣ?

> ಹಾಸನದಿಂದ ಬರೆಯುತ್ತಿದ್ದೇನೆ. ಮಕ್ಕಳಿಗೆ ಹಳೆಯ ಅನಲಾಗ್ ಸಿಂಥ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ತೋರಿಸಬೇಕು. ಕನ್ನಡದ ಚೀಟಿ ಅಂಟಿಸಲು ಮೂರು ಪದ ಬೇಕು: ಫಿಲ್ಟರ್, ಅದರ ಕೆಳಗಿನ ಎರಡು ನಾಬ್‌ಗಳಾದ ಕಟಾಫ್, ರೆಸೊನೆನ್ಸ್. ಶನಿವಾರದೊಳಗೆ ತಿಳಿಸಿ.

> ‘ಜರಡಿ’ ಅನ್ನಿ. ಅಚ್ಚಗನ್ನಡ ಇರುವಾಗ ಎರವಲು ಯಾಕೆ? ಈ ಪಟ್ಟಿಯಲ್ಲಿ ಇಂಗ್ಲಿಷ್ ಜಾಸ್ತಿ ಆಯ್ತು.

> ಕಟಾಫ್ ಅಂದರೆ ಕಡಿತ. ರೆಸೊನೆನ್ಸ್ ಅಂದರೆ ಮಾರ್ದನಿ. ಇದರಲ್ಲಿ ಚರ್ಚೆಗೆ ಏನಿದೆ?

ಚರ್ಚೆಗೆ ತುಂಬಾ ಇದೆ.

ಮೇಷ್ಟ್ರೇ, ಮೊದಲು ನಿಮ್ಮ ಚೀಟಿ: ‘ಫಿಲ್ಟರ್’, ‘ಅಂಚು’, ‘ಝೇಂಕಾರ’.

ಜರಡಿ ಬೇಡ. ನಮ್ಮ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜವನ್ನು ಜರಡಿ ಹಿಡಿಯುತ್ತಾರೆ. ದಪ್ಪ ಬೀಜ ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ಸಿಂಥ್‌ನಲ್ಲಿ ಸದ್ದು ಹಾಗೆ ಎರಡು ಪಾಲಾಗುವುದಿಲ್ಲ. 1970ರ ಮಿನಿಮೋಗ್ ಅನ್ನುವ ಸಿಂಥ್‌ನ ಲ್ಯಾಡರ್ ಫಿಲ್ಟರ್ ನೋಡಿ. ಅಂಚು ದಾಟಿದ ಮೇಲೆ ಎತ್ತರದ ಸ್ವರಗಳ ಸದ್ದು ಸ್ಥಾಯಿಗೆ 24 ಡೆಸಿಬೆಲ್‌ನಂತೆ ಇಳಿಯುತ್ತದೆ. ಒಂದು ಸ್ಥಾಯಿ ಮೇಲೇರಿದರೆ ಅಲೆಯ ಎತ್ತರ ಹೆಚ್ಚುಕಡಿಮೆ ಹದಿನಾರರಲ್ಲಿ ಒಂದು ಪಾಲು. ತಗ್ಗುತ್ತದೆ, ಆದರೆ ಇರುತ್ತದೆ. ‘ಕಡಿತ’ ಅಂದರೆ ಮಕ್ಕಳಿಗೆ ತಪ್ಪು ಹೇಳಿಕೊಟ್ಟಂತೆ. ಅಂಚು ಅಂದರೆ ಇಳಿಜಾರು ಶುರುವಾಗುವ ಜಾಗ.

ಲ್ಯಾಡರ್‌ಗೆ ಮಾತ್ರ ಧಾರಾಳವಾಗಿ ‘ಏಣಿ’ ಅನ್ನಿ. ಟ್ರಾನ್ಸಿಸ್ಟರ್ ಜೋಡಿಗಳು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು, ನಡುನಡುವೆ ಕೆಪಾಸಿಟರ್. ಅಂದ ಹಾಗೆ ಅದನ್ನು ಮಾಡಿದವರು ರಾಬರ್ಟ್ ಮೋಗ್. ಮೂಗ್ ಅಲ್ಲ.

ಮಾರ್ದನಿ ಪೂರ್ತಿ ತಪ್ಪು. ಅದು ಎಕೋ. ರೆಸೊನೆನ್ಸ್ ನಾಬ್ ಏರಿಸಿದರೆ ಫಿಲ್ಟರ್‌ನಿಂದ ಹೊರಬಂದ ಸದ್ದಿನ ಒಂದಿಷ್ಟು ಮತ್ತೆ ಒಳಕ್ಕೆ ಹೋಗುತ್ತದೆ. ಅಂಚಿನ ಹತ್ತಿರದ ಸ್ವರಗಳು ಎದ್ದು ಕೇಳುತ್ತವೆ. ತಂತಿಯ ಕೆಳಗಿನ ಜೀವಾಳಿ ಎಳೆ ಸರಿಯಾಗಿ ಕೂತ ತಂಬೂರಿ ನೆನಪಿಸಿಕೊಳ್ಳಿ, ಅದಕ್ಕೇ ‘ಝೇಂಕಾರ’ ಅಂದೆ. ಇನ್ನೂ ತಿರುಗಿಸಿದರೆ, ಮೂಲ ಸದ್ದು ಹುಟ್ಟಿಸುವ ಆಸಿಲೇಟರ್ ಪೂರ್ತಿ ಇಳಿಸಿದ್ದರೂ, ಎಷ್ಟೋ ಸಿಂಥ್‌ಗಳಲ್ಲಿ ಫಿಲ್ಟರ್ ತಾನೇ ಶಿಳ್ಳೆ ಹಾಕುತ್ತದೆ.

ಇನ್ನು ಎರವಲಿನ ಮಾತು. ಕಾಫಿ ಫಿಲ್ಟರ್, ನೀರಿನ ಫಿಲ್ಟರ್, ಜೀಪಿನ ಆಯಿಲ್ ಫಿಲ್ಟರ್. ಇಲ್ಲಿ ಯಾರ ಬಾಯಲ್ಲೂ ಬೇರೆ ಪದವಿಲ್ಲ. ಎರವಲು ಬೇಡ ಅಂದವರೇ ‘ಜಾಸ್ತಿ’ ಬರೆದಿದ್ದಾರೆ. ಅದರ ಮೂಲ ಅರಬ್ಬಿ. ಅದು ನಮ್ಮದಾಗಿದೆ ಅಂದರೆ ಫಿಲ್ಟರ್ ಕೂಡ ನಮ್ಮದೇ. ಕನ್ನಡ ಬೇಡ ಅಂತ ನಾನು ಹೇಳುತ್ತಿಲ್ಲ, ಅಂಚು ಕನ್ನಡವೇ ಅಲ್ವಾ? ಸುಮ್ನೆ ನಿಘಂಟು ನೋಡಿ ಪದ ಹಚ್ಚಬೇಡಿ. ಒಮ್ಮೆ ನಾಬ್ ತಿರುಗಿಸಿ, ಕೇಳಿ, ಆಮೇಲೆ ಬರೆಯಿರಿ.

ಮೇಷ್ಟ್ರೇ, ಇನ್ನೊಂದು. ಮಳೆಗಾಲದ ತೇವಕ್ಕೆ ನಾಬ್‌ಗಳು ಕೆಡುತ್ತವೆ. ನನ್ನ ಸಿಂಥ್‌ನ ಕಟಾಫ್ ಹೋದ ವರ್ಷ ಮುಟ್ಟಿದರೆ ಸಾಕು, ಹಂಚಿನ ಮೇಲೆ ಮರಳು ಎರಚಿದ ಹಾಗೆ ಕರಕರ ಅನ್ನುತ್ತಿತ್ತು. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದೆ. ಸರಿಹೋಯ್ತು. ನೀವೂ ಅದನ್ನು ಮೊದಲು ಮಾಡಿ, ಒಣಗಿದ ಮೇಲೆ ಚೀಟಿ ಅಂಟಿಸಿ. ಇಲ್ಲದಿದ್ದರೆ ಶಾಯಿ ಕಲಸಿಹೋಗುತ್ತದೆ.