ಸಹಾಯ ಬೇಕು: ಶೇಕ್ಸ್‌ಪಿಯರ್‌ನ ಹೆಂಡತಿಯ ಕವಿತೆಗೆ ಪ್ರವೇಶ ಎಲ್ಲಿಂದ?

ಇಂಗ್ಲಿಷ್ ಸಾಹಿತ್ಯ ಕಲಿಸುವ ಗೆಳೆಯರೇ, ಪದವಿ ತರಗತಿಗೆ ಬ್ರಿಟಿಷ್ ಕವಯಿತ್ರಿ ಕರೋಲ್ ಆನ್ ಡಫಿಯವರ ‘ಆನ್ ಹ್ಯಾಥವೇ’ ಪಾಠ ಮಾಡಬೇಕಿದೆ. ಶೇಕ್ಸ್‌ಪಿಯರ್‌ನ ಹೆಂಡತಿ ಆನ್, ಅವನು ತೀರಿಕೊಂಡ ಮೇಲೆ ತಾನೇ ಮಾತನಾಡುವ ಕವಿತೆ ಅದು. ಅವನ ಉಯಿಲಿನಿಂದ ಆರಂಭಿಸಲೇ, ಕವಿತೆಯಿಂದಲೇ ಎಂಬುದು ನನ್ನ ಗೊಂದಲ.

1616ರ ಉಯಿಲಿನಲ್ಲಿ ಶೇಕ್ಸ್‌ಪಿಯರ್ ಹೆಂಡತಿಯ ಹೆಸರಿಗೆ ಬರೆದದ್ದು ತನ್ನ ‘ಎರಡನೆಯ ಉತ್ತಮ ಮಂಚ’. ಅದನ್ನೂ ಸಾಲುಗಳ ನಡುವೆ ಆಮೇಲೆ ತುರುಕಿದ್ದು. ಜೊತೆಗೆ, 1582ರಲ್ಲಿ ಮದುವೆಯಾದಾಗ ಅವನಿಗೆ 18, ಆಕೆಗೆ 26ರ ಆಸುಪಾಸು, ಆಗಲೇ ಗರ್ಭಿಣಿ. ಇಷ್ಟು ಕಿವಿಗೆ ಬಿದ್ದರೆ ಸಾಕು, ಒಲ್ಲದ ಮದುವೆ ಎಂದು ತರಗತಿ ತೀರ್ಪು ಕೊಟ್ಟುಬಿಡುತ್ತದೆ. ಆಮೇಲೆ ಕವಿತೆ ಕೇವಲ ವಿಧವೆಯ ಸಮಜಾಯಿಷಿಯಂತೆ ಕೇಳಿಸುತ್ತದೆ.

ಆದರೆ ಡಫಿ ಆ ಅವಮಾನವನ್ನೇ ಮಗುಚಿ ಹಾಕುತ್ತಾರೆ. ಉತ್ತಮ ಮಂಚ ಅತಿಥಿಗಳ ಪಾಲು. ಅವರು ಅಲ್ಲಿ ತೂಕಡಿಸುತ್ತ ಗದ್ಯದ ಜೊಲ್ಲು ಸುರಿಸುತ್ತಾರೆ! ಇವರಿಬ್ಬರ ಮಂಚದಲ್ಲಿ ಮಾತ್ರ ಕಾಡು, ಕೋಟೆ, ದೀವಟಿಗೆ, ಮುತ್ತಿಗಾಗಿ ಮುಳುಗುವ ಕಡಲು. ಗಂಡನ ಪ್ರಿಯ ಛಂದಸ್ಸಾದ ಸುನೀತವನ್ನೇ (ಹದಿನಾಲ್ಕು ಸಾಲಿನ ಸಾನೆಟ್) ಹೆಂಡತಿ ಕೈಗೆತ್ತಿಕೊಂಡಿದ್ದಾಳೆ. ಪ್ರಾಸ ಸಡಿಲ, ಕೊನೆಯ ಎರಡು ಸಾಲಿಗೆ ಬಂದಾಗ ಮಾತ್ರ ಬಿಗಿಯಾಗಿ ಕೂಡುತ್ತದೆ. ನನಗೆ ಕವಿತೆಯ ಜೀವ ಇರುವುದೇ ಅಲ್ಲಿ.

ಉಯಿಲಿನ ಸಾಲು ಕವಿತೆಯ ತಲೆಯ ಮೇಲೆಯೇ ಇದೆ. ಮೊದಲ ಓದಿನಲ್ಲಿ ಅದನ್ನೂ ಶೀರ್ಷಿಕೆಯನ್ನೂ ಮುಚ್ಚಿಟ್ಟು, ಮಾತನಾಡುತ್ತಿರುವವಳು ಯಾರೆಂದು ಊಹಿಸಲು ಬಿಟ್ಟವರು ಯಾರಾದರೂ ಇದ್ದೀರಾ? ಇನ್ನೊಂದು, ವ್ಯಾಕರಣದ ಪದಗಳಲ್ಲೇ ದೇಹದ ಸುಖ ಹೇಳುವ ಸಾಲುಗಳಿವೆ. ಹಿಂದಿನ ಬೆಂಚಿನ ಕಿಸಿಕಿಸಿ ಖಚಿತ. ಅವನ್ನು ಹಾರಿಸುವುದು ನನಗೆ ಒಪ್ಪಿಗೆಯಿಲ್ಲ. ಮುಜುಗರವಿಲ್ಲದೆ ಚರ್ಚಿಸಲು ನೀವು ಕೇಳಿದ ಪ್ರಶ್ನೆಗಳಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಸಿದ್ಧ ಸಾರಾಂಶದ ಟಿಪ್ಪಣಿಗಳು ಬೇಡ, ಅವು ಬೇಕಾದಷ್ಟಿವೆ.